ತಿರುವಿನ ಕಲ್ಲು

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಇಳಿದವರು ಮೊದಲು ಒಂದು ಗುಟುಕು ನೀರು ಕುಡಿಯುತ್ತಾರೆ. ನಿಲ್ದಾಣದ ಹೊರಗೆ, ರಸ್ತೆಯ ಪಕ್ಕದಲ್ಲಿ ಸೊಂಟದೆತ್ತರದ ಕಪ್ಪು ಕಲ್ಲಿದೆ. ಇಲ್ಲಿ ಗವರ್ನರ್ ಸಾಹೇಬರು ನೀರು ಕುಡಿದರು ಎಂದು ಅದರ ಮೇಲೆ ಕೆತ್ತಿದೆ. ಪಕ್ಕದ ಖಾನಾವಳಿಯವರು ಕೊಡ, ಲೋಟ ಇಟ್ಟಿರುತ್ತಾರೆ. ಬಾಯಾರಿರಲಿ ಬಿಡಲಿ, ಕುಡಿದೇ ಮುಂದೆ ಹೋಗುವುದು. ಕೋರ್ಟಿನ ಎದುರಿನ ಕಲ್ಲಿನ ಬಳಿ ಸಾಹೇಬರು ಟೋಪಿ ತೆಗೆದಿದ್ದರು. ಅಲ್ಲಿ ರುಮಾಲಿನವರು ರುಮಾಲು ಎತ್ತುತ್ತಾರೆ, ಹೆಲ್ಮೆಟ್ಟಿನವರು ಹೆಲ್ಮೆಟ್ ತೆಗೆಯುತ್ತಾರೆ, ಏನೂ ಇಲ್ಲದವರು ಕೂದಲು ಮುಟ್ಟಿಕೊಳ್ಳುತ್ತಾರೆ. ಬೋಳುತಲೆಯ ವಕೀಲರೊಬ್ಬರು ಕಿವಿ ಮುಟ್ಟಿಕೊಂಡು ಹೋಗುವುದನ್ನು ಊರು ಒಪ್ಪಿಕೊಂಡಿದೆ. ಪೇಟೆಯ ಕಲ್ಲಿನ ಹತ್ತಿರ ಸಾಹೇಬರು ಸಿಟ್ಟಿಗೆದ್ದರು. ಗಂಡಹೆಂಡಿರು ಮನೆಯ ಜಗಳವನ್ನು ಕಟ್ಟಿಟ್ಟುಕೊಂಡು ಅಲ್ಲಿಗೆ ಬರುತ್ತಾರೆ. "ನಡಿ ಪ್ಯಾಟಿಗೆ, ಅಲ್ಲೇ ಮಾತಾಡ್ತೀನಿ" ಎಂದು ಹೆಂಗಸೊಬ್ಬಳು ಅಂದರೆ ಆ ಮನೆಯ ಗಂಡಸು ಅಂಗಿ ಹಾಕಿಕೊಳ್ಳಲು ಬಹಳ ಹೊತ್ತು ಮಾಡುತ್ತಾನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಂತ್ಯವನ್ನು ಆಳಿದ ಈ ಗವರ್ನರನ ಹೆಸರು ಟಾಮ್ಲಿನ್. ಊರವರ ಬಾಯಲ್ಲಿ ತಮ್ಮಲಿಂಗ ಸಾಹೇಬ. ಕಲ್ಲುಗಳನ್ನು ಯಾರೂ ನೆಟ್ಟಿಲ್ಲ. ರಸ್ತೆಯ ಬದಿಯಲ್ಲಿ ಅವು ತಾವಾಗಿಯೇ ಏಳುತ್ತವೆ, ಮೂಲಂಗಿಯ ಹಾಗೆ. ಮೊದಲು ತಲೆ ಕಾಣುತ್ತದೆ. ಆಮೇಲೆ ಇಲ್ಲಿ ಎಂಬ ಮಾತು, ಆಮೇಲೆ ಗವರ್ನರ್ ಸಾಹೇಬರು. ಸಾಹೇಬರು ಏನು ಮಾಡಿದರು ಎಂಬುದು ಕೊನೆಯ ಸಾಲಿನಲ್ಲಿರುತ್ತದೆ. ಕಲ್ಲು ಪೂರ್ತಿ ಎದ್ದ ಮೇಲೆಯೇ ಅದು ತಿಳಿಯುವುದು. ಅಲ್ಲಿಯವರೆಗೆ ಊರು ಕಾಯುತ್ತದೆ. ಓದಿದ ಮೇಲೆ, ಆ ದಾರಿಯಲ್ಲಿ ಹೋಗುವವರೆಲ್ಲ ಸಾಹೇಬರು ಮಾಡಿದ್ದನ್ನೇ ಮಾಡುತ್ತಾರೆ.

ನಾನು ಮದುವೆಯಾಗಿ ಈ ಊರಿಗೆ ಬಂದವಳು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದೆ. ಟಾಮ್ಲಿನ್ನನ ಪ್ರವಾಸದ ಪುಸ್ತಕವನ್ನೂ ಓದಿದ್ದೆ. ಅದರಲ್ಲಿ ಈ ಊರಿನ ಹೆಸರಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಗುರುಶಾಂತನಿಗೆ ಅದನ್ನು ಹೇಳಿದೆ. "ಇಷ್ಟೆಲ್ಲಾ ಮಾಡಿದವಗ ಬರಿಯಾಕ ಹೊತ್ತು ಎಲ್ಲಿ ಸಿಕ್ಕೀತು?" ಎಂದು ಅವನು ಪಂಪಿನ ಬೋಲ್ಟು ತಿರುಗಿಸುತ್ತಲೇ ಇದ್ದ. ಹೊಲಗಳ ಪಂಪ್‌ಸೆಟ್ ರಿಪೇರಿ ಅವನ ಕೆಲಸ. ಅವನ ಕೈಗೆ ಯಾವಾಗಲೂ ಗ್ರೀಸಿನ ವಾಸನೆ ಇರುತ್ತಿತ್ತು.

ಹೋದ ವರ್ಷ ಹತ್ತಿ ಬಿಡಿಸುವ ಕಾಲದಲ್ಲಿ, ಊರಾಚೆಯ ಹುಣಸೇಮರದ ತಿರುವಿನಲ್ಲಿ, ಕೊಟ್ರೇಶಿಯ ಹಾಲಿನ ಗಾಡಿಗೆ ಗುರುಶಾಂತನ ಲೂನಾ ಸಿಕ್ಕಿತು. ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ತಪ್ಪು ಇಬ್ಬರದೂ ಅಲ್ಲ, ತಿರುವಿನದು ಎಂದರು. ನಾನು ಅದನ್ನು ನಂಬಿದೆ. ನಂಬುವುದಕ್ಕೆ ಕಷ್ಟವೇನೂ ಆಗಲಿಲ್ಲ. ಆ ದಿನಗಳಲ್ಲಿ ಯಾವುದಕ್ಕೂ ಕಷ್ಟವಾಗುತ್ತಿರಲಿಲ್ಲ. ರುದ್ರಭೂಮಿಗೆ ಹೋಗುವ ದಾರಿಯಲ್ಲಿ ಒಂದು ಕಲ್ಲಿದೆ. ಅಲ್ಲಿ ಸಾಹೇಬರು ನಕ್ಕಿದ್ದರು. ಗುರುಶಾಂತನನ್ನು ಹೊತ್ತವರು ಆ ಕಲ್ಲಿನ ಮುಂದೆ ನಿಂತು ನಕ್ಕರು. ಹಿಂದೆ ಬಂದವರೂ ನಕ್ಕರು. ಭಜನೆಯವರು ತಾಳ ನಿಲ್ಲಿಸಿ ನಕ್ಕು ಮತ್ತೆ ತಾಳ ಹಿಡಿದರು. ಎಲ್ಲರ ಸಾವಿಗೂ ಹಾಗೆಯೇ. ನನಗೆ ಗೊತ್ತಿತ್ತು. ಆದರೂ ಅಂಗಳದಲ್ಲಿ ಕೂತಿದ್ದ ನನಗೆ ಆ ನಗು ಗಾಳಿಯಲ್ಲಿ ಕೇಳಿಸಿತು. ಅಂದಿನಿಂದ ಅದು ಒಳಗೆಲ್ಲೋ ಇದೆ, ಗಂಟಲಿನ ಕೆಳಗೆ.

ಈ ವರ್ಷ ಯುಗಾದಿಯ ಆಸುಪಾಸಿನಲ್ಲಿ ಪಕ್ಕದ ಮನೆಯ ಹುಸೇನಬಿ ಓಡಿ ಬಂದಳು. ಮುದುಕಿ ಓಡುವವಳಲ್ಲ. ಹಿತ್ತಲಲ್ಲಿ ಮೆಂತ್ಯ ಬೆಳೆದು ಮಾರುತ್ತಾಳೆ, ಉಳಿದ ಹೊತ್ತು ಕಟ್ಟೆಯ ಮೇಲೆ ಕೂತು ದಾರಿಯ ಸುದ್ದಿ ನೋಡುತ್ತಾಳೆ.

"ಸಂಗವ್ವಾ, ಏ ಸಂಗವ್ವಾ! ತಿರುವಿನ್ಯಾಗ ಕಲ್ಲು ಎದ್ದೈತಿ" ಎಂದು ನನ್ನ ಅತ್ತೆಯನ್ನು ಕೂಗಿದಳು.

"ಯಾವ ಕಡಿ?"

ಹುಸೇನಬಿ ನನ್ನ ಮುಖ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಅಲ್ಲೇ" ಎಂದಳು.

ನಾವು ಮೂವರೂ ಹೋಗಿ ನೋಡಿದೆವು. ಗುರುಶಾಂತ ಬಿದ್ದಿದ್ದ ಜಾಗದಲ್ಲಿ, ಒಣ ಹುಲ್ಲಿನ ನಡುವೆ, ಮಗುವಿನ ನೆತ್ತಿಯಷ್ಟು ಕಪ್ಪು ಕಲ್ಲು. ಅತ್ತೆ ಕೂತು ಅದರ ಸುತ್ತಲಿನ ಹುಲ್ಲು ಕಿತ್ತರು. ಸೆರಗಿನಿಂದ ಧೂಳು ಒರೆಸಿದರು. ಅವರ ಮುಖದಲ್ಲಿ ಮಗ ಹೋದಾಗಿನಿಂದ ನಾನು ಕಾಣದ ಕಳೆ ಇತ್ತು.

"ನಾಕ್ ಮಂದಿ ನಿಂತು ಹೋಗ್ತಾರ ಇನ್ ಮ್ಯಾಲ. ಬರೇ ಭರ್ ಅಂತ ಹೋಗೂದಿಲ್ಲ" ಎಂದರು.

"ನಿಂತು ಏನು ಮಾಡ್ತಾರ್ರೀ ಅತ್ತಿ?"

"ಏನರೆ ಮಾಡ್ಲೆವ್ವ. ನಿಂದ್ರತಾರಲ್ಲ."

ನನಗೆ ಅದೇ ಬೇಕಾಗಿರಲಿಲ್ಲ. ಅಲ್ಲಿ ಯಾರೂ ಏನನ್ನೂ ಮಾಡಬಾರದು. ಸಾಹೇಬರು ಇಲ್ಲಿ ಹಾಡಿದ್ದರೆ? ಆಕಳಿಸಿದ್ದರೆ? ಅವನು ಬಿದ್ದ ಜಾಗದಲ್ಲಿ ಊರಿನವರೆಲ್ಲ ನಿಂತು ಆಕಳಿಸುವುದನ್ನು ನಾನು ದಿನವೂ ಅಡುಗೆಮನೆಯ ಕಿಟಕಿಯಿಂದ ನೋಡಬೇಕೇ? ಆ ತುಂಡು ನೆಲ ಬರಿದಾಗಿ ಇರಲಿ. ಅಷ್ಟೇ ನನಗೆ ಬೇಕಾಗಿದ್ದುದು.

ಕಲ್ಲನ್ನು ಬೇಡವೆನ್ನುವ ಪದ್ಧತಿಯೂ ಇದೆ. ಹತ್ತಿರದ ಮನೆಯವರು ಅದರ ಮೇಲೆ ಕೂರಬೇಕು. ಬೆಳಗಾದಾಗಿನಿಂದ ಹೊತ್ತು ಮುಳುಗುವ ತನಕ, ಅದು ಮತ್ತೆ ನೆಲದೊಳಗೆ ಹೋಗುವವರೆಗೆ, ದಿನವೂ. ರಾತ್ರಿ ಕಲ್ಲು ಬೆಳೆಯುವುದಿಲ್ಲ. ಹಗಲಿನಲ್ಲಿ ಒಂದು ಗಳಿಗೆ ಅದರ ಮೇಲೆ ಯಾರೂ ಇಲ್ಲದಿದ್ದರೂ ತಡೆದಿಟ್ಟದ್ದೆಲ್ಲ ಸೇರಿ ಒಮ್ಮೆಗೇ ಏಳುತ್ತದೆ. ಬಹಳ ಹಿಂದೆ ಒಬ್ಬ ಕ್ಷೌರಿಕ ತನ್ನ ಅಂಗಡಿಯ ಬಾಗಿಲಿಗೆ ಬಂದ ಕಲ್ಲಿನ ಮೇಲೆ ಕೂತು, ಕೂತಲ್ಲೇ ಗಿರಾಕಿಗಳ ಕ್ಷೌರ ಮಾಡಿದನಂತೆ. ಕಲ್ಲು ಮುಳುಗಿ ಬ್ಯಾಂಕಿನ ಮುಂದೆ ಎದ್ದಿತು. ಸಾಹೇಬರು ಗದ್ದ ಕೆರೆದುಕೊಂಡ ಕಲ್ಲು ಅದು. ಮ್ಯಾನೇಜರು ಈಗಲೂ ಗದ್ದ ಕೆರೆದುಕೊಂಡೇ ಒಳಗೆ ಹೋಗುತ್ತಾರೆ.

ಕಲ್ಲಿನ ಸಮಿತಿಯ ಅಧ್ಯಕ್ಷರು ಚನ್ನವೀರ ಮಾಸ್ತರರು. ಶಾಲೆಯಿಂದ ನಿವೃತ್ತರಾದವರು. ಮನೆಗೆ ಬಂದು ಚಹಾ ಕುಡಿದರು.

"ಮೇಡಂ, ನೀವು ಓದಿದವ್ರು. ನಗೂದು ಅಂತೂ ಬರೂದಿಲ್ಲ. ಅದು ಆಗಿಹೋಗೈತಿ. ಒಂದ್ ಸಲ ಮಾಡಿದ್ದನ್ನ ಸಾಹೇಬ್ರು ಎರಡನೇ ಸಲ ಮಾಡಿಲ್ಲ."

"ಕುಣಿದರು ಅಂತ ಬಂದರೆ, ಮಾಸ್ತರ?"

"ತಮ್ಮಲಿಂಗ ಸಾಹೇಬ್ರು ಕುಣಿಯೂ ಪೈಕಿ ಅಲ್ರಿ. ಗವರ್ನರ್ ಅವ್ರು."

"ಶಾಲೆ ಮುಂದೆ ಸೀನ್ಯಾರಲ್ಲ."

"ಸೀನು ಯಾರಿಗೆ ಬಿಟ್ಟೈತ್ರಿ?" ಎಂದರು. ಆಮೇಲೆ ನನ್ನನ್ನು ನೋಡಿ ಚಹಾದ ಬಸಿಯನ್ನು ಕೆಳಗಿಟ್ಟರು. "ಕುಂದ್ರೂದ ಖರೇ ಏನು?"

"ಹೌದ್ರಿ."

"ಬಿಸಲು ಭಾಳ ಐತವ್ವ" ಎಂದು ಎದ್ದು ಹೋದರು. ಮೇಡಂ ಎನ್ನುವುದನ್ನು ಮರೆತಿದ್ದರು.

ಹೆಣ್ಣುಮಕ್ಕಳ ಕಾಲೇಜಿನಲ್ಲಿ ನನ್ನದು ಪಾಠದ ಕೆಲಸ. ಪರೀಕ್ಷೆ ಮುಗಿದಿತ್ತು. ಮಾರನೆಯ ಬೆಳಿಗ್ಗೆ ಹೋಗಿ ಕೂತೆ. ಅಷ್ಟರಲ್ಲಿ ಕಲ್ಲು ಒಂದು ಮೊಳ ಎದ್ದಿತ್ತು. ಗವರ್ನರ್ ಸಾಹೇಬರು ಎಂಬಲ್ಲಿಯವರೆಗೆ ಓದಬಹುದಿತ್ತು. ರಸ್ತೆ ಅಲ್ಲಿ ಹುಣಸೇಮರವನ್ನು ಬಳಸಿ ಮೊಣಕೈಯಂತೆ ಬಾಗುತ್ತದೆ. ಊರಿನ ಕಡೆಯಿಂದ ಬರುವವರಿಗೆ ಹೊಲದ ಕಡೆಯವರು ಕಾಣುವುದಿಲ್ಲ, ಅವರಿಗೆ ಇವರು ಕಾಣುವುದಿಲ್ಲ. ಹೊರಬದಿಯ ಕಲ್ಲಿನ ಮೇಲೆ ಕೂತ ನನಗೆ ಎರಡೂ ಕಡೆ ಕಾಣುತ್ತಿತ್ತು. ಅಪಘಾತವಾದ ಮೇಲೆ ಪುರಸಭೆಯವರು ನಿಧಾನವಾಗಿ ಚಲಿಸಿ ಎಂದು ತಗಡಿನ ಹಲಗೆ ಹಾಕಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ತಗಡಿನ ಮಾತು ಯಾರು ಕೇಳುತ್ತಾರೆ? ಸಾಹೇಬರು ನಿಧಾನವಾಗಿ ಹೋಗಿದ್ದರೆ ಊರೂ ನಿಧಾನವಾಗಿ ಹೋಗುತ್ತಿತ್ತು.

ಕಲ್ಲು ಏಳುವುದು ನಿಂತಿತು. ಆಮೇಲೆ ಇಳಿಯತೊಡಗಿತು. ಮೊದಲು ಕುರ್ಚಿಯ ಮೇಲೆ ಕೂತಂತೆ ಇತ್ತು, ಆಮೇಲೆ ಮಣೆಯ ಮೇಲೆ ಕೂತಂತೆ. ಮೊಣಕಾಲು ದಿನದಿನಕ್ಕೆ ಗದ್ದದ ಹತ್ತಿರ ಬಂತು. ದಾರಿಹೋಕರು ಮೊದಮೊದಲು ಮುಖ ತಿರುಗಿಸಿ ಹೋಗುತ್ತಿದ್ದರು. ಆಮೇಲೆ ರೂಢಿಯಾಯಿತು. ಉಳ್ಳಾಗಡ್ಡಿ ಚೀಲ ಹೊತ್ತ ಟ್ರ್ಯಾಕ್ಟರಿನವರು ಕೈ ಎತ್ತುತ್ತಿದ್ದರು. ಕುರಿ ಕಾಯುವ ಹೆಂಗಸು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದಳು. ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, "ಅಕ್ಕಾರ, ಎಷ್ಟು ಇಳೀತ್ರಿ?" ಎನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ಯಾರೋ, "ಇಲ್ಲಿ ಸಾಹೇಬ್ರು ಹೆಂಡ್ತಿಗೆ ಅಂಜಿದ್ರು ಅಂತ ಇರಬೇಕಪಾ, ಅದಕ್ಕ ಮ್ಯಾಲ ಬರವಲ್ದು" ಎನ್ನುತ್ತಿದ್ದರು. ಬಸ್ಸು ನಗುತ್ತಾ ತಿರುವಿನಲ್ಲಿ ಮರೆಯಾಗುತ್ತಿತ್ತು. ನಾನು ಉತ್ತರ ಕೊಡುತ್ತಿರಲಿಲ್ಲ.

ಕೊಟ್ರೇಶಿ ಮಾತ್ರ ಬರಲಿಲ್ಲ. ಆ ದಿನದಿಂದ ಅವನು ಈ ದಾರಿ ಬಿಟ್ಟು, ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಹಾಲು ಒಯ್ಯುತ್ತಿದ್ದ. ಮಣ್ಣಿಗೆ ಬಂದಿದ್ದನಂತೆ. ರುದ್ರಭೂಮಿಯ ಗೇಟಿನ ಹೊರಗೇ ನಿಂತು ಹೋಗಿದ್ದನಂತೆ. ಅವನ ಮುಖ ನನಗೆ ನೆನಪಿರಲಿಲ್ಲ. ಗಾಡಿಯ ಸದ್ದು ನೆನಪಿತ್ತು. ಹಿಂದೆ ದಿನವೂ ಬೆಳಿಗ್ಗೆ ಆ ಸದ್ದಿಗೇ ನಾನು ಒಲೆ ಹಚ್ಚುತ್ತಿದ್ದೆ.

ಮಧ್ಯಾಹ್ನ ಅತ್ತೆ ಬುತ್ತಿ ತರುತ್ತಿದ್ದರು. ನಾನು ಮನೆಗೆ ಹೋಗಿ ಬರುವಷ್ಟು ಹೊತ್ತು ಅವರು ಕೂರುತ್ತಿದ್ದರು. ನಾನು ಪೂರ್ತಿ ಏಳುವ ಮೊದಲೇ ಅವರು ಪಕ್ಕದಿಂದ ಒತ್ತಿ ಕೂತಿರುತ್ತಿದ್ದರು, ಬಸ್ಸಿನಲ್ಲಿ ಸೀಟು ಹಿಡಿದಂತೆ. ಆ ಕಲ್ಲು ಬರಲಿ ಎಂದು ಬಯಸಿದವರು ಅವರು. ಸುಮ್ಮನೆ ಒಂದು ಸಲ ಎದ್ದು ನಿಂತಿದ್ದರೆ ಸಾಕಿತ್ತು. ನಿಲ್ಲಲಿಲ್ಲ. ನಾನು ಬರುವಾಗ ಎರಡೂ ಅಂಗೈಯನ್ನು ಕಲ್ಲಿಗೆ ಒತ್ತಿ, ಭಾರವೆಲ್ಲ ಬಿಟ್ಟು ಕೂತಿರುತ್ತಿದ್ದರು. ಒಂದು ದಿನ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ತಂದರು.

"ಇದನ್ ಹಾಕ್ಕೊಂಡು ಕುಂದ್ರ. ಕಲ್ಲು ಕಾದಿರ್ತೈತಿ."

"ಬ್ಯಾಡ್ರಿ ಅತ್ತಿ."

"ಬ್ಯಾಡ ಅನ್ನೂದ ಒಂದು ಕಲತೀ ನೋಡು" ಎಂದು ನನ್ನ ಕೆಳಗೆ ಅದನ್ನು ತುರುಕಿದರು. ಆಮೇಲೆ ಹುಲ್ಲಿನ ಮೇಲೆ ಕೂತು ರೊಟ್ಟಿ ಬಿಚ್ಚಿದರು. "ಮಾಲಾ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ. ಕಲ್ಲು ಬಂದ್ರ ಮಂದಿ ನಿಂದ್ರತಾರ ಅಂತ ನಾ ಅಂದೆ. ಈಗೂ ನಿಂದ್ರತಾರ. ನಿನ್ನ ನೋಡಿ ನಿಂದ್ರತಾರ. ನೀ ಇಲ್ಲಿ ಕುಂತು ಕುಂತು ನೀನ ಕಲ್ಲಾದಿ. ನನಗ ಅದೂ ಬ್ಯಾಡ ಆಗೈತಿ."

"ಇನ್ನೇನು ಮುಳುಗ್ತದ, ಅತ್ತಿ."

"ಅದು ಮುಳುಗ್ತೈತಿ. ನೀ ಏಳ್ತೀಯೇನು?"

ನಾನು ರೊಟ್ಟಿ ಮುರಿದೆ. ಪಲ್ಯಕ್ಕೆ ಉಪ್ಪು ಸರಿಯಾಗಿತ್ತು. ಅಷ್ಟು ಗೊತ್ತಾಯಿತು.

ಬಿಸಿಲು ಇನ್ನೂ ಏರಿತು. ಕಲ್ಲಿನ ಮೇಲಿನ ಅಕ್ಷರಗಳೆಲ್ಲ ನೆಲದೊಳಗೆ ಹೋದವು. ಒಂದು ಸಂಜೆ ಮಾಸ್ತರರು ಕೊಡೆ ಹಿಡಿದು ಬಂದು, ಬಗ್ಗಿ ನೋಡಿ, "ನಾಳೆ ಒಂದಿನ" ಎಂದರು. ನನಗೆ ಸಂತೋಷವಾಗಬೇಕಿತ್ತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮಾರನೆಯ ಬೆಳಿಗ್ಗೆ ಹೆಚ್ಚುಕಡಿಮೆ ನೆಲದ ಮೇಲೆಯೇ ಕೂತೆ. ಕೌದಿಯ ಕೆಳಗೆ ಒಂದು ಉಬ್ಬು, ಅಷ್ಟೇ. ಊರಿನ ಕಡೆಯಿಂದ ಸೈಕಲ್ಲುಗಳು ಬಂದವು. ಟೈಲರಿಂಗ್ ಕ್ಲಾಸಿಗೆ ಹೋಗುವ ಹುಡುಗಿಯರು, ರಸ್ತೆಯ ತುಂಬ ಸಾಲಾಗಿ, ಒಬ್ಬಳ ಹ್ಯಾಂಡಲ್ ಇನ್ನೊಬ್ಬಳು ಹಿಡಿದು ಮಾತಾಡುತ್ತಾ. ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ನನಗೆ ಗೊತ್ತಿದ್ದ ಸದ್ದು ಕೇಳಿಸಿತು. ಕೆರೆ ಏರಿಗೆ ಅಂದು ಬೆಳಿಗ್ಗೆ ದುರಸ್ತಿಗಾಗಿ ಅಡ್ಡ ಕಟ್ಟಿದ್ದಾರೆಂದು ಆಮೇಲೆ ತಿಳಿಯಿತು. ಆಗ ನನಗೆ ತಿಳಿದದ್ದು ಇಷ್ಟೇ: ಹಾಲಿನ ಗಾಡಿ ಬರುತ್ತಿದೆ, ಜೋರಾಗಿ ಬರುತ್ತಿದೆ. ಈ ಜಾಗವನ್ನು ಬೇಗ ದಾಟಿಬಿಡಬೇಕು ಎನ್ನುವವರು ಬರುವ ಹಾಗೆ.

ಕೂಗಲು ಬಾಯಿ ತೆರೆದೆ. ದನಿ ಬರಲಿಲ್ಲ. ಬಹಳ ದಿನ ತೆಗೆಯದ ಬಾಗಿಲಿನಂತೆ ಏನೋ ಕಿರುಗುಟ್ಟಿತು. ಹುಡುಗಿಯರಿಗೆ ಕೇಳಲಿಲ್ಲ.

ನಾನು ಎದ್ದೆ. ಕೌದಿಯನ್ನು ಎಳೆದುಕೊಂಡು ರಸ್ತೆಯ ನಡುವೆ ಓಡಿ, ಗಾಡಿಯ ಕಡೆಗೆ ಮುಖ ಮಾಡಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದೆ. ಬ್ರೇಕಿನ ಸದ್ದು ಬಂತು. ಕ್ಯಾನುಗಳು ಒಂದಕ್ಕೊಂದು ಬಡಿದವು. ಗಾಡಿ ನನ್ನಿಂದ ಮಾರು ದೂರದಲ್ಲಿ ನಿಂತಿತು. ಅದರ ಬಿಸಿ ನನ್ನ ಮುಖಕ್ಕೆ ಬಡಿಯಿತು. ಹುಡುಗಿಯರು ತಿರುವು ದಾಟಿ, ಗಾಡಿಯ ಪಕ್ಕದಿಂದ ಒಬ್ಬೊಬ್ಬರಾಗಿ ನುಸುಳಿ ಹೋದರು. "ನಮಸ್ಕಾರ್ರಿ ಮಿಸ್" ಎಂದಳು ಒಬ್ಬಳು. ಅವರಿಗೆ ಏನೂ ಗೊತ್ತಾಗಲಿಲ್ಲ. ರವಿಕೆಯ ತೋಳಿನ ಮಾತು ಅರ್ಧಕ್ಕೆ ನಿಂತಿರಲೂ ಇಲ್ಲ.

ಹಿಂದೆ ಮಣ್ಣು ಬಿರಿಯುವ ಸದ್ದಾಯಿತು. ತಿರುಗಿ ನೋಡಿದೆ. ಕಲ್ಲು ಪೂರ್ತಿ ಎದ್ದು ನಿಂತಿತ್ತು, ನನ್ನ ಸೊಂಟದವರೆಗೆ. ಹೆಗಲ ಮೇಲೆ ಹಸಿ ಮಣ್ಣು. ಕೊನೆಯ ಸಾಲಿಗೆ ಮಣ್ಣು ಮೆತ್ತಿತ್ತು. ನಾನು ಹೋಗಿ ಮೊಣಕಾಲೂರಿ ಅಂಗೈಯಿಂದ ಒರೆಸಿದೆ. ಏನೇ ಇದ್ದರೂ ಇನ್ನು ಅದು ಅಲ್ಲಿಯೇ ಇರುತ್ತದೆ.

ಇಲ್ಲಿ ಗವರ್ನರ್ ಸಾಹೇಬರು ದಾರಿ ಕೇಳಿದರು.

ಎರಡು ಸಲ ಓದಿದೆ. ಹಿಂದೆ ಯಾರೋ ಉಸಿರು ಬಿಟ್ಟರು. ಕೊಟ್ರೇಶಿ ಇಳಿದು ಬಂದು ನಿಂತಿದ್ದ. ನನಗಿಂತ ಚಿಕ್ಕವನಿರಬೇಕು. ಅಂಗಿಯ ಮೇಲೆ ಹಾಲು ಚೆಲ್ಲಿತ್ತು. ಅವನು ನನ್ನನ್ನು ನೋಡಲಿಲ್ಲ, ಕಲ್ಲನ್ನು ನೋಡಿದ. ಓದಿದ. ತುಟಿ ಅಲುಗಿತು. ಗಾಡಿ ಹತ್ತಿ ಹೋಗಿಬಿಡಬಹುದಿತ್ತು. ಆದರೆ ನಮ್ಮೂರಿನವನು. ಹೊಸ ಕಲ್ಲಿನ ಮುಂದೆ ಮೊದಲು ನಿಂತವನು ಮಾಡದೆ ಹೋಗುವಂತಿಲ್ಲ.

"ಅಕ್ಕಾರ" ಎಂದ. ಅಂಗಿಯ ಮೇಲಿನ ಹಾಲು ಒರೆಸಿಕೊಂಡ. "ಅಕ್ಕಾರ, ಊರಿಗೆ ಹೋಗೂ ದಾರಿ ಯಾವ್ದ್ರಿ?"

ಕೇಳಿದವನು ಕದಲಲಿಲ್ಲ. ಕೇಳಿದ ಮೇಲೆ ಉತ್ತರ ಬೇಕು. ಅವನ ಹಿಂದೆ ಉಳ್ಳಾಗಡ್ಡಿಯ ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಹಿಂದೆ ಬಸ್ಸು. ಹಾರ್ನ್ ಹೊಡೆದರು. ಕಂಡಕ್ಟರ್ ಇಳಿದು ಬಂದ. "ಏ ಕೊಟ್ರೇಶಿ, ಏನಲೇ ನಡು ದಾರ್ಯಾಗ? ಹಾಲು ಒಡದ್ ಹೋಗ್ತಾವು!" ಎಂದವನು ನನ್ನನ್ನು ಕಂಡ, ಎದ್ದು ನಿಂತ ಕಲ್ಲನ್ನು ಕಂಡ. ಬಾಯಲ್ಲಿದ್ದ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ. ಬಸ್ಸಿನ ಎಂಜಿನ್ನೂ ನಿಂತಿತು.

"ಇದ ದಾರಿ" ಎಂದೆ. ದನಿ ಒಡಕಾಗಿತ್ತು. ಮತ್ತೆ ಹೇಳಿದೆ. "ಇದ ದಾರಿ. ನೆಟ್ಟಗ ಹೋಗ್ರಿ. ಮುಂದ ಹುಣಸೀಮರದ ತಿರುವು ಐತಿ. ಆ ಕಡಿಯಿಂದ ಬರೂವ್ರು ಕಾಣೂದಿಲ್ಲ. ಹಾರ್ನ್ ಹೊಡೀರಿ. ಸಾವಕಾಶ ಹೋಗ್ರಿ."

"ಹೂಂನ್ರಿ" ಎಂದ ಕೊಟ್ರೇಶಿ. ಹೆಜ್ಜೆ ತೆಗೆಯಲಿಲ್ಲ. "ಅಕ್ಕಾರ, ಅವತ್ತು ನಾ..."

"ಸಾವಕಾಶ ಹೋಗ್ರಿ" ಎಂದೆ.

ಅವನು ತಲೆ ಆಡಿಸಿ ಗಾಡಿ ಹತ್ತಿದ. ನಡೆಯುವವರಿಗಿಂತ ಮೆಲ್ಲಗೆ, ಹಾರ್ನ್ ಮೇಲಿಂದ ಕೈ ತೆಗೆಯದೆ, ತಿರುವು ದಾಟಿದ. ಆಮೇಲೆ ಟ್ರ್ಯಾಕ್ಟರಿನವನು ಇಳಿದು ಬಂದು ಕೇಳಿದ. ಅವನಿಗೆ ಎಲ್ಲಾ ಕೇಳಿಸಿತ್ತು. ಆದರೂ ಹೇಳಿದೆ. ಬಸ್ಸಿನವರು ಇಳಿದು ಸಾಲಾಗಿ ನಿಂತರು. ಒಬ್ಬೊಬ್ಬರಿಗೂ ಹೇಳಿದೆ. ಬಸವಳಿದ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು, "ನನಗ ಆಸ್ಪತ್ರಿ ದಾರಿ ಖರೇನ ಗೊತ್ತಿಲ್ರಿ" ಎಂದಳು. ಅವಳಿಗೆ ಸ್ವಲ್ಪ ಹೆಚ್ಚು ಹೊತ್ತು ತಗೊಂಡು ಹೇಳಿದೆ.

ಸಾಲಿನ ಕೊನೆಯಲ್ಲಿ ಅತ್ತೆ ಇದ್ದರು, ಬುತ್ತಿ ಹಿಡಿದುಕೊಂಡು. ಯಾವಾಗ ಬಂದರೋ ನೋಡಿರಲಿಲ್ಲ. ಅವರಿಗೆ ಓದಲು ಬರುವುದಿಲ್ಲ, ಮುಂದಿನವರನ್ನು ಕೇಳಿ ತಿಳಿದುಕೊಂಡಿದ್ದರು. ಸರದಿ ಬಂದಾಗ ನನ್ನೆದುರು ನಿಂತು ಸೆರಗು ಸರಿಮಾಡಿಕೊಂಡರು.

"ಯವ್ವಾ, ಗುರುಶಾಂತನ ಮನೀಗೆ ಯಾ ದಾರೀಲೆ ಹೋಗಬೇಕು?"

"ಬಂದ ದಾರೀಲೆನ ಹಿಂದಕ್ಕ ಹೋಗ್ರಿ. ಬೇವಿನಗಿಡ ದಾಟಿದ ಮ್ಯಾಲ ನೀಲಿ ಬಾಗಲದ್ದು."

"ನೀನೂ ಆ ಕಡೇನ ಹೊಂಟೀಯೇನು?"

"ಹೌದ್ರಿ."

"ಹಂಗಾದ್ರ ನಡಿ. ಬುತ್ತಿ ಮನ್ಯಾಗ ಬಿಚ್ಚೂಣು."

ಕೌದಿಯನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡೆ. ಬೇವಿನಮರದವರೆಗೆ ಹೋಗಿರಲಿಲ್ಲ, ಹಿಂದೆ ಒಂದು ಮೋಟರ್ ಸೈಕಲ್ ನಿಂತಿತು. ಕೇಳಲು ಯಾರೂ ಇಲ್ಲದೆ ಅದರ ಮೇಲಿದ್ದವನು ಅತ್ತ ಇತ್ತ ನೋಡಿ, "ರೀ ಅಕ್ಕಾರ! ದಾರಿ ಹೇಳಿ ಹೋಗ್ರಿ!" ಎಂದು ಕೂಗಿದ.

"ಉಣ್ಣಾಕರೆ ಬಿಡ್ತಾರೇನು ಇನ್ ಮ್ಯಾಲ" ಎಂದರು ಅತ್ತೆ.

ನಾನು ತಿರುಗಿ ನಿಂತು, ಅವನಿಗೆ ಕೇಳುವ ಹಾಗೆ ಕೂಗಿ ಹೇಳಿದೆ.